ಸರಿಯೋ, ಸಾರಿಯೋ? ಸಂದೇಶಗಳಲ್ಲೇ ಸಾಗುವ ಹದಿಹರೆಯದ ಕಾದಂಬರಿಗಳು

ಹೋದ ದೀಪಾವಳಿಗೆ ಊರಿಗೆ ಹೋಗಿದ್ದಾಗ ಅಕ್ಕನ ಮಗಳು ಫೋನು ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತಳು. ಮೊದಲ ಪಿಯುಸಿ ಓದುವ ಹುಡುಗಿ. "ಮಾಮ, ಇದನ್ನ ಹೇಗೆ ಓದ್ಬೇಕು ಹೇಳಿ" ಅಂದಳು. ಗೆಳತಿಯ ಜೊತೆ ಏನೋ ಜಗಳವಾಗಿತ್ತಂತೆ. ರಾತ್ರಿಯೆಲ್ಲ ಕೂತು ಹದಿನೈದು ಸಾಲಿನ ಕ್ಷಮಾಪಣೆ ಬರೆದು ಕಳಿಸಿದ್ದಾಳೆ. ಬೆಳಿಗ್ಗೆ ಬಂದ ಉತ್ತರದಲ್ಲಿ ಇದ್ದದ್ದು ನಾಲ್ಕೇ ನಾಲ್ಕು ಇಂಗ್ಲಿಷ್ ಅಕ್ಷರ: ಎಸ್, ಎ, ಆರ್, ಐ. ಅದು 'ಸರಿ' ಆಗಿದ್ದರೆ ಮಾತು ಅಲ್ಲಿಗೆ ಮುಗಿಯಿತು. 'ಸಾರಿ' ಆಗಿದ್ದರೆ ಆ ಕಡೆಯವಳೂ ಕ್ಷಮೆ ಕೇಳಿದ ಹಾಗೆ. ನಾನೂ ನೋಡಿದೆ, ಅಕ್ಕನೂ ನೋಡಿದಳು. ಮೂರು ಜನ ಸೇರಿದರೂ ನಾಲ್ಕಕ್ಷರದ ಅರ್ಥ ಬಗೆಹರಿಯಲಿಲ್ಲ.

ಆ ನಾಲ್ಕಕ್ಷರದ ಮುಂದೆ ಅವಳು ಪಟ್ಟ ಸಂಕಟ ಸಣ್ಣದಲ್ಲ. ಆ ಸಂಕಟವನ್ನೇ ಹಿಡಿದು ಬರೆದ ಕಾದಂಬರಿಗಳು ಕಳೆದ ಇಪ್ಪತ್ತು-ಇಪ್ಪತ್ತೈದು ವರ್ಷಗಳಲ್ಲಿ ಅಮೆರಿಕದಲ್ಲಿ, ಜಪಾನಿನಲ್ಲಿ, ಇಂಗ್ಲೆಂಡಿನಲ್ಲಿ ಬಂದಿವೆ. ಹನ್ನೆರಡರಿಂದ ಹದಿನೆಂಟರ ವಯಸ್ಸಿನವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ, ಸ್ನೇಹ ಮತ್ತು ಪ್ರೀತಿ ಫೋನು ಇಲ್ಲವೇ ಕಂಪ್ಯೂಟರಿನ ಸಂದೇಶಗಳಲ್ಲೇ ಹುಟ್ಟಿ ಬೆಳೆಯುವ ಕಥೆಗಳು ಅವು. ದೊಡ್ಡವರು ಬಹುಮಟ್ಟಿಗೆ ಅವನ್ನು ಓದುವುದಿಲ್ಲ; ಓದದೆಯೇ ಹಗುರ ಸಾಹಿತ್ಯ ಎಂದು ಪಕ್ಕಕ್ಕಿಡುತ್ತಾರೆ. ನಾನೂ ಹಾಗೆಯೇ ಇಟ್ಟಿದ್ದೆ. ಒಂದೊಂದಾಗಿ ಓದುತ್ತ ಹೋದಂತೆ ಅಭಿಪ್ರಾಯ ಬದಲಾಯಿತು. ಇವುಗಳಲ್ಲಿ ಒಳ್ಳೆಯವು ಕಳಿಸಿದ ಸಂದೇಶಕ್ಕಿಂತ ಕಳಿಸದೇ ಅಳಿಸಿದ ಸಂದೇಶವನ್ನು ಚೆನ್ನಾಗಿ ಬಲ್ಲವು.

ಸಂದೇಶದಲ್ಲಿ ಪ್ರೀತಿ ಕಳಿಸುವುದು ನಮಗೆ ಹೊಸದೇನಲ್ಲ. ಕಾಳಿದಾಸನ ಯಕ್ಷ ಮೋಡದ ಕೈಯಲ್ಲಿ ಹೇಳಿಕಳಿಸಿದ. ಶಕುಂತಲೆ ತಾವರೆಯ ಎಲೆಯ ಮೇಲೆ ಉಗುರಿನಿಂದ ಬರೆದಳು. ರುಕ್ಮಿಣಿ ಬ್ರಾಹ್ಮಣನೊಬ್ಬನನ್ನು ದ್ವಾರಕೆಗೆ ಓಡಿಸಿದಳು. ಸಾವಿರ ವರ್ಷದ ಹಿಂದಿನ ಜಪಾನಿನ 'ಗೆಂಜಿಯ ಕಥೆ'ಯಲ್ಲಿ ಪ್ರೇಮಿಗಳು ಮುಖ ನೋಡುವ ಮೊದಲೇ ಪುಟ್ಟ ಕವಿತೆಗಳನ್ನು ಆಳಿನ ಕೈಯಲ್ಲಿ ಕಳಿಸಿ, ಬಂದ ಕಾಗದದ ಬಣ್ಣ, ಕೈಬರಹದ ಓರೆಕೋರೆ ನೋಡಿ ಎದುರಿನವರ ಮನಸ್ಸು ಅಳೆಯುತ್ತಾರೆ. ಅಲ್ಲೆಲ್ಲ ಸಂದೇಶ ಒಮ್ಮೆ ಕೈಬಿಟ್ಟರೆ ಮುಗಿಯಿತು, ಅದು ಯಾವಾಗ ತಲುಪಿತು ಎಂದು ಕಳಿಸಿದವರಿಗೆ ಕಾಣುತ್ತಿರಲಿಲ್ಲ. ಈಗ ಎಲ್ಲವೂ ಕಾಣುತ್ತದೆ. ತಲುಪಿದ್ದು ಕಾಣುತ್ತದೆ, ಓದಿದ್ದು ಕಾಣುತ್ತದೆ, ಆ ಕಡೆ ಬೆರಳು ಆಡುತ್ತಿರುವುದೂ ಕಾಣುತ್ತದೆ, ಆಡಿ ಸುಮ್ಮನಾಗಿದ್ದೂ ಕಾಣುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಓದಿದ್ದನ್ನು ತೋರಿಸುವ ನೀಲಿ ಗೀಟುಗಳು ಬಂದದ್ದು 2014ರ ನವೆಂಬರಿನಲ್ಲಿ. ಅಲ್ಲಿಂದ ಈಚೆಗೆ 'ಓದಿದ್ದಾನೆ, ಉತ್ತರ ಕೊಟ್ಟಿಲ್ಲ' ಎಂಬ ಒಂದು ವಾಕ್ಯದ ಮೇಲೆ ಒಂದು ಇಡೀ ಅಧ್ಯಾಯ ನಿಲ್ಲಬಲ್ಲದು.

ಫೋನಿನ ಸಂದೇಶದ ಮೂಲಕ್ಕೆ ಹೋದರೆ, ಮೊದಲ ಎಸ್ಸೆಮ್ಮೆಸ್ ಹೋದದ್ದು 1992ರ ಡಿಸೆಂಬರ್ 3ರಂದು. ನೀಲ್ ಪ್ಯಾಪ್‌ವರ್ತ್ ಎಂಬ ಇಂಜಿನಿಯರ್ ಕಂಪ್ಯೂಟರಿನಿಂದ ವೊಡಾಫೋನಿನ ಅಧಿಕಾರಿಯೊಬ್ಬರಿಗೆ ಕ್ರಿಸ್‌ಮಸ್ ಶುಭಾಶಯ ಕಳಿಸಿದರು. ಒಂದು ಸಂದೇಶಕ್ಕೆ 160 ಅಕ್ಷರ ಎಂಬುದು ಅದಕ್ಕೂ ಮೊದಲೇ ನಿರ್ಧಾರವಾಗಿತ್ತು. ಆ 160 ಇಂಗ್ಲಿಷಿನಂಥ ಲಿಪಿಗಳಿಗೆ. ಕನ್ನಡದಂಥ ಲಿಪಿಯಲ್ಲಿ ಬರೆದರೆ ಅದೇ ಸಂದೇಶದಲ್ಲಿ ಹಿಡಿಸುವುದು 70 ಮಾತ್ರ. ಅದರಲ್ಲೂ ಒತ್ತು, ಕಾಗುಣಿತ, ಎಲ್ಲವೂ ಬೇರೆ ಬೇರೆ ಲೆಕ್ಕ. 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ಯಂತ್ರ ಆರು ಎಣಿಸಿಕೊಳ್ಳುತ್ತದೆ. ಹಳೆಯ ಎಷ್ಟೋ ಗುಂಡಿ ಫೋನುಗಳಲ್ಲಿ ಕನ್ನಡ ಇರುತ್ತಲೂ ಇರಲಿಲ್ಲ. ನಮ್ಮ ಮಕ್ಕಳು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು ಸೊಕ್ಕಿನಿಂದ ಅಲ್ಲ. ಆ ಅಭ್ಯಾಸದ ಬೇರು ಇಲ್ಲಿದೆ. 'ಸರಿ' ಮತ್ತು 'ಸಾರಿ' ಒಂದೇ ಆಗಿ ಕಾಣುವುದು ಅದರ ಫಲ.

ಇನ್ನು ಕಾದಂಬರಿಗಳಿಗೆ ಬರೋಣ. ಅಮೆರಿಕದ ಲಾರೆನ್ ಮೈರಾಕಲ್ 2004ರಲ್ಲಿ 'ಟಿಟಿವೈಎಲ್' ಪ್ರಕಟಿಸಿದಾಗ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬರೀ ಚಾಟ್ ಸಂದೇಶಗಳೇ ಇರುವ ಕಾದಂಬರಿ ಓದುಗರಿಗೆ ಹೊಸದಾಗಿತ್ತು. ಹೆಸರಿನ ಅರ್ಥ 'ಆಮೇಲೆ ಮಾತಾಡ್ತೀನಿ'. ಹತ್ತನೆಯ ತರಗತಿಯ ಮೂವರು ಗೆಳತಿಯರು: ಏಂಜೆಲಾ, ಮ್ಯಾಡಿ, ಜೋಯಿ. ನಿರೂಪಕನಿಲ್ಲ, ವರ್ಣನೆಯಿಲ್ಲ, ಅವಳು ಅತ್ತಳು ಎಂದು ಹೇಳುವವರು ಯಾರೂ ಇಲ್ಲ. ಯಾರು ಮಾತಾಡುತ್ತಿದ್ದಾರೆ ಎಂದು ತಿಳಿಯಲು ಮೂವರಿಗೂ ಬೇರೆ ಬೇರೆ ಅಚ್ಚಕ್ಷರ ಕೊಟ್ಟರು. ಜೋಯಿಯ ಕಡೆಗೆ ಅವಳ ಶಿಕ್ಷಕ ಸಲ್ಲದ ರೀತಿಯಲ್ಲಿ ಹತ್ತಿರವಾಗುತ್ತ ಬರುವುದು ಕಥೆಯ ಒಂದು ಎಳೆ. ಅಪಾಯ ಓದುಗರಿಗೆ ಜೋಯಿಗಿಂತ ಮೊದಲೇ ಗೊತ್ತಾಗುತ್ತದೆ, ಗೆಳತಿಯರಿಗೆ ಆಮೇಲೆ, ಅವಳಿಗೆ ಕೊನೆಗೆ. ಎಚ್ಚರಿಕೆಯ ಒಂದು ಮಾತೂ ಬರೆಯದೆ ಎಚ್ಚರಿಸುವ ಕೆಲಸವನ್ನು ಆ ಪುಸ್ತಕ ಮಾಡುತ್ತದೆ. ಆದರೂ ಅಲ್ಲಿನ ಪೋಷಕರು ಇದನ್ನು ಗ್ರಂಥಾಲಯದಿಂದ ತೆಗೆಯಿರಿ ಎಂದು ಹಟ ಹಿಡಿದರು. ಅಮೆರಿಕನ್ ಗ್ರಂಥಾಲಯ ಸಂಘ ಪ್ರತಿ ವರ್ಷ ಪ್ರಕಟಿಸುವ, ಅತಿ ಹೆಚ್ಚು ಆಕ್ಷೇಪಕ್ಕೆ ಒಳಗಾದ ಪುಸ್ತಕಗಳ ಪಟ್ಟಿಯಲ್ಲಿ ಈ ಸರಣಿ 2009ರಲ್ಲಿ ಮೊದಲ ಸ್ಥಾನದಲ್ಲಿತ್ತು, 2011ರಲ್ಲಿ ಮತ್ತೆ ಮೊದಲ ಸ್ಥಾನಕ್ಕೆ ಬಂತು.

ಅದಕ್ಕಿಂತ ಮುಖ್ಯವಾದ ಸಂಗತಿ 2014ರಲ್ಲಿ ನಡೆಯಿತು. ಹತ್ತು ವರ್ಷ ತುಂಬಿದಾಗ ಪ್ರಕಾಶಕರು ಸರಣಿಯನ್ನು ಮತ್ತೆ ಅಚ್ಚು ಹಾಕಿದರು, ಆದರೆ ಇದ್ದ ಹಾಗೆ ಅಲ್ಲ. ಹಳೆಯ ಹಾಡು, ನಟರು, ಉಪಕರಣಗಳ ಉಲ್ಲೇಖ ತೆಗೆದು ಹೊಸದು ಸೇರಿಸಬೇಕಾಯಿತು. ಹತ್ತೇ ವರ್ಷದಲ್ಲಿ ಪುಸ್ತಕಕ್ಕೆ ರಿಪೇರಿ! ಈ ಪ್ರಕಾರದ ದೊಡ್ಡ ದೌರ್ಬಲ್ಯ ಇದೇ ಎಂದು ನಾನು ತಿಳಿದಿದ್ದೇನೆ. ಅಂದಂದಿನ ಸಂಕ್ಷೇಪ, ಅಂದಂದಿನ ಆ್ಯಪ್ ನೆಚ್ಚಿಕೊಂಡು ಬರೆದದ್ದು ಬೇಗ ಹಳಸುತ್ತದೆ. ಮೂವರು ಗೆಳತಿಯರಲ್ಲಿ ಒಬ್ಬಳು ದೂರ ಸರಿಯುವ ನೋವು ಮಾತ್ರ ಹಳಸಲಿಲ್ಲ, ಅದಕ್ಕೆ ರಿಪೇರಿಯೂ ಬೇಕಾಗಲಿಲ್ಲ.

ಜಪಾನಿನ ಕಥೆ ಬೇರೆ. ಅಲ್ಲಿ ಫೋನು ಕಥೆಯ ವಸ್ತು ಆಗುವ ಮೊದಲೇ ಕಥೆ ಬರೆಯುವ ಲೇಖನಿ ಆಯಿತು. 1999ರಲ್ಲಿ ಡೊಕೊಮೊ ಕಂಪನಿ ಫೋನಿಗೆ ಅಂತರ್ಜಾಲ ತಂದಿತು. ನಂತರದ ವರ್ಷಗಳಲ್ಲಿ ತಿಂಗಳಿಗೆ ಇಷ್ಟು ಎಂದು ಕಟ್ಟಿದರೆ ಎಷ್ಟು ಬೇಕಾದರೂ ಬಳಸಬಹುದಾದ ದರ ಬಂತು. ಹೈಸ್ಕೂಲು ಹುಡುಗಿಯರು ರೈಲಿನಲ್ಲಿ ಹೋಗುತ್ತ ಬರುತ್ತ ಹೆಬ್ಬೆರಳಿನಲ್ಲಿ ಕಾದಂಬರಿ ಬರೆಯತೊಡಗಿದರು. ಇವಕ್ಕೆ ಅಲ್ಲಿ 'ಕೇತಾಯ್ ಶೋಸೆತ್ಸು' ಎನ್ನುತ್ತಾರೆ, ಅಂದರೆ ಮೊಬೈಲ್ ಕಾದಂಬರಿ. ಮಿಕಾ ಎಂಬ ಹೆಸರಿನಲ್ಲಿ ಬಂದ 'ಕೋಯಿಜೋರಾ', ಪ್ರೀತಿಯ ಆಕಾಶ, ಫೋನಿನಲ್ಲಿ ಕಂತುಕಂತಾಗಿ ಹರಿದು 2006ರಲ್ಲಿ ಪುಸ್ತಕವಾಯಿತು, 2007ರಲ್ಲಿ ಸಿನಿಮಾ ಆಯಿತು. 2007ರಲ್ಲಿ ಜಪಾನಿನಲ್ಲಿ ಅತಿ ಹೆಚ್ಚು ಮಾರಾಟವಾದ ಹತ್ತು ಕಾದಂಬರಿಗಳಲ್ಲಿ ಐದು ಹೀಗೆ ಫೋನಿನಲ್ಲಿ ಹುಟ್ಟಿದವು. ರಿನ್ ಎಂಬ ಹುಡುಗಿ ಹೈಸ್ಕೂಲಿನ ಕೊನೆಯ ವರ್ಷ, ಆರು ತಿಂಗಳು, ಬಿಡುವು ಸಿಕ್ಕಾಗಲೆಲ್ಲ ಫೋನಿನಲ್ಲಿ ಬರೆದ ಕಾದಂಬರಿ ಪುಸ್ತಕವಾಗಿ ನಾಲ್ಕು ಲಕ್ಷ ಪ್ರತಿ ಹೋಯಿತು.

ಈ ಪುಸ್ತಕಗಳನ್ನು ಬಿಡಿಸಿ ನೋಡಬೇಕು. ಜಪಾನಿ ಕಾದಂಬರಿಗಳನ್ನು ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಅಚ್ಚು ಹಾಕುತ್ತಾರೆ. ಇವನ್ನು ಫೋನಿನಲ್ಲಿದ್ದಂತೆ ಅಡ್ಡಸಾಲಿನಲ್ಲಿ, ಎಡದಿಂದ ಬಲಕ್ಕೆ ಅಚ್ಚು ಹಾಕಿದರು. ಎರಡು ಮೂರು ಶಬ್ದದ ಸಾಲು, ಆಮೇಲೆ ಖಾಲಿ ಜಾಗ, ಮತ್ತೊಂದು ಸಾಲು. ಹುಡುಗಿ ಏನು ಹೇಳಬೇಕೋ ಗೊತ್ತಾಗದೆ ಕೂತಿದ್ದಾಳೆ ಎಂಬುದನ್ನು ಆ ಬಿಳಿ ಜಾಗ ಹೇಳುತ್ತದೆ. ವಿಮರ್ಶಕರು ಮೂಗು ಮುರಿದರು. ಕಥೆಗಳಲ್ಲಿ ಅತ್ಯಾಚಾರ, ಗರ್ಭಪಾತ, ಕ್ಯಾನ್ಸರ್ ಒಂದರ ಮೇಲೊಂದು ಬಂದು ಬೀಳುತ್ತವೆ ಎಂಬ ದೂರಿನಲ್ಲಿ ಹುರುಳಿದೆ. ಆದರೆ ಜಕುಚೊ ಸೆತೌಚಿ ಮೂಗು ಮುರಿಯಲಿಲ್ಲ. ಬೌದ್ಧ ಸನ್ಯಾಸಿನಿ, 'ಗೆಂಜಿಯ ಕಥೆ'ಯನ್ನು ಆಧುನಿಕ ಜಪಾನಿ ಭಾಷೆಗೆ ತಂದ ದೊಡ್ಡ ಲೇಖಕಿ ಅವರು. 2008ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, 'ಪರ್ಪಲ್' ಎಂಬ ಗುಪ್ತನಾಮದಲ್ಲಿ ಒಂದು ಮೊಬೈಲ್ ಕಾದಂಬರಿ ಬರೆದರು. ಗೆಂಜಿ ಬರೆದ ಮುರಾಸಕಿಯ ಹೆಸರಿಗೂ ನೇರಳೆ ಬಣ್ಣ ಎಂದೇ ಅರ್ಥ. ಆ ಹಿರಿಯ ಜೀವ ಮಾಡಿದ ಕೆಲಸವನ್ನು ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ. ಮಕ್ಕಳು ಎಲ್ಲಿ ಓದುತ್ತಾರೋ ಅಲ್ಲಿಗೇ ಹೋಗಿ ಬರೆದರು.

ಮತ್ತೆ ಅಮೆರಿಕಕ್ಕೆ ಬಂದರೆ, ಹೆಸರು ತಿಳಿಯದವರ ಜೊತೆ ಬರೆದುಕೊಳ್ಳುವ ಕಥೆಗಳ ಸಾಲೇ ಇದೆ. ಜೂಲಿ ಬಕ್ಸ್‌ಬಾಮ್ 2016ರಲ್ಲಿ ಬರೆದ 'ಟೆಲ್ ಮಿ ತ್ರೀ ಥಿಂಗ್ಸ್'ನಲ್ಲಿ ತಾಯಿ ತೀರಿಕೊಂಡು ಷಿಕಾಗೊದಿಂದ ಲಾಸ್ ಏಂಜಲೀಸಿನ ಹೊಸ ಶಾಲೆಗೆ ಬಂದ ಹುಡುಗಿಗೆ ಅಪರಿಚಿತನೊಬ್ಬ ದಾರಿ ಹೇಳಿಕೊಡುತ್ತಾನೆ. ಓದಲು ಹಿತವಾಗಿದೆ, ಆದರೆ ನನಗೆ ಅದರ ಮೇಲೆ ಒಂದು ತಕರಾರಿದೆ. ಗುರುತು ಮುಚ್ಚಿಕೊಂಡು ಬರೆಯುವವನು ಕೊನೆಗೆ ಒಳ್ಳೆಯ ಹುಡುಗನೇ ಆಗಿರುತ್ತಾನೆ ಎಂಬ ಭರವಸೆಯನ್ನು ಇಂಥ ಕಥೆಗಳು ತೀರ ಸುಲಭವಾಗಿ ಕೊಡುತ್ತವೆ. ನಿಜ ಜೀವನದಲ್ಲಿ ಆ ಜಾಗದಲ್ಲಿ ನಲವತ್ತು ವರ್ಷದವನೊಬ್ಬ ಕೂತಿರಬಹುದು.

ಬೆಕಿ ಆಲ್ಬರ್ಟಾಲಿಯ ಸೈಮನ್ ಕಥೆ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. 2015ರಲ್ಲಿ ಬಂದ ಆ ಕಾದಂಬರಿಯೇ 2018ರಲ್ಲಿ 'ಲವ್, ಸೈಮನ್' ಎಂಬ ಸಿನಿಮಾ ಆಯಿತು. ಸೈಮನ್‌ಗೆ ಹುಡುಗರ ಮೇಲೆ ಪ್ರೀತಿ, ಯಾರಿಗೂ ಹೇಳಿಲ್ಲ. ಅದೇ ಶಾಲೆಯ ಇನ್ನೊಬ್ಬ ಹುಡುಗ 'ಬ್ಲೂ' ಎಂಬ ಸುಳ್ಳುಹೆಸರಿನಲ್ಲಿ ಅವನ ಜೊತೆ ಇಮೇಲಿನಲ್ಲಿ ಮಾತಾಡುತ್ತಾನೆ. ಒಂದು ದಿನ ಸೈಮನ್ ಶಾಲೆಯ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಲಾಗೌಟ್ ಮಾಡುವುದನ್ನು ಮರೆಯುತ್ತಾನೆ. ಸಹಪಾಠಿಯೊಬ್ಬ ಪತ್ರಗಳನ್ನು ಓದಿ, ಸ್ಕ್ರೀನ್‌ಶಾಟ್ ತೆಗೆದುಕೊಂಡು ಬೆದರಿಸಲು ಶುರುಮಾಡುತ್ತಾನೆ. ಅಡಗಿಕೊಂಡು ಬರೆಯುವುದರಿಂದ ಸಿಗುವ ಧೈರ್ಯ, ಅದರ ಬೆನ್ನಿಗೇ ಇರುವ ಅಪಾಯ, ಎರಡನ್ನೂ ಒಂದೇ ಪುಸ್ತಕ ತೂಗಿ ಇಡುತ್ತದೆ. ಬಾಯಿ ಬಿಟ್ಟು ಹೇಳಲಾಗದ್ದನ್ನು ಬರೆದು ಹೇಳಬಹುದಾದ ಒಂದು ಜಾಗ ಎಷ್ಟೋ ಮಕ್ಕಳಿಗೆ ಉಸಿರಾಟದಷ್ಟೇ ಅಗತ್ಯ ಎಂಬುದನ್ನು ನನಗೆ ಮನಗಾಣಿಸಿದ್ದು ಈ ಪುಸ್ತಕ. ಇಂಗ್ಲೆಂಡಿನ ಆಲಿಸ್ ಓಸ್ಮನ್ 2016ರಿಂದ ಅಂತರ್ಜಾಲದಲ್ಲಿ ಬರೆಯುತ್ತ ಬಂದ 'ಹಾರ್ಟ್‌ಸ್ಟಾಪರ್' ಚಿತ್ರಕಥೆಯಲ್ಲೂ ಇದೇ ಕಾಳಜಿಯಿದೆ.

ಇವೆಲ್ಲದರಲ್ಲಿ ನಾನು ಮೇಲೆ ಇಡುವುದು ಮೇರಿ ಎಚ್. ಕೆ. ಚೋಯ್ ಅವರ 'ಎಮರ್ಜೆನ್ಸಿ ಕಾಂಟ್ಯಾಕ್ಟ್' ಕಾದಂಬರಿಯನ್ನು. 2018ರಲ್ಲಿ ಬಂದದ್ದು. ಪೆನ್ನಿ ಕೊರಿಯನ್ ಮೂಲದ ಅಮ್ಮನ ಮಗಳು, ಟೆಕ್ಸಸ್‌ನ ಆಸ್ಟಿನ್ ನಗರಕ್ಕೆ ಕಾಲೇಜು ಓದಲು ಬಂದಿದ್ದಾಳೆ, ಲೇಖಕಿ ಆಗಬೇಕೆಂಬ ಆಸೆ. ಸ್ಯಾಮ್ ಅಲ್ಲಿನ ಕಾಫಿ ಅಂಗಡಿಯಲ್ಲಿ ಕೆಲಸ ಮಾಡುತ್ತ ಅದರ ಮೇಲಿನ ಕೋಣೆಯಲ್ಲೇ ಮಲಗುತ್ತಾನೆ, ಕೈಯಲ್ಲಿ ಕಾಸಿಲ್ಲ. ಒಂದು ದಿನ ರಸ್ತೆಯಲ್ಲಿ ಅವನಿಗೆ ಎದೆ ಹಿಡಿದಂತಾಗಿ ಉಸಿರು ಕಟ್ಟುತ್ತದೆ. ಅದು ಹೃದಯಾಘಾತ ಅಲ್ಲ, ಭಯ ಹಾಗೆ ಮೈಮೇಲೆ ಬಂದದ್ದು. ಆ ದಾರಿಯಲ್ಲಿ ಬಂದ ಪೆನ್ನಿ ಅವನನ್ನು ಜೋಪಾನ ಮಾಡುತ್ತಾಳೆ. ಮನೆ ಸೇರಿದ ಮೇಲೆ ಒಂದು ಮೆಸೇಜ್ ಹಾಕು ಎಂಬಲ್ಲಿಂದ ಕಥೆ ಶುರು. ಆಮೇಲೆ ದಿನಗಟ್ಟಲೆ, ವಾರಗಟ್ಟಲೆ ಇಬ್ಬರ ಮಾತು ಫೋನಿನಲ್ಲೇ.

ಚೋಯ್ ಪೂರ್ತಿ ಪುಸ್ತಕವನ್ನು ಸಂದೇಶಗಳಲ್ಲಿ ಬರೆಯಲಿಲ್ಲ. ಸಂದೇಶಗಳ ಸುತ್ತ ಕೋಣೆ ಇದೆ, ಹಾಸಿಗೆ ಇದೆ, ಅಮ್ಮನ ಮೇಲಿನ ಸಿಟ್ಟು ಇದೆ. ಕಳಿಸಿದ್ದಕ್ಕೂ ಅನ್ನಿಸಿದ್ದಕ್ಕೂ ನಡುವೆ ಇರುವ ದೂರ ನಮಗೆ ಕಾಣುವುದು ಅದರಿಂದ. ಇಬ್ಬರೂ ಫೋನಿನಲ್ಲಿ ಚುರುಕು, ಎದುರಿಗೆ ಬಂದರೆ ಪೆದ್ದು. ಕಾದಂಬರಿಯ ನಿಜವಾದ ಪ್ರಶ್ನೆ ಅವರು ಪ್ರೀತಿಸುತ್ತಾರೋ ಇಲ್ಲವೋ ಎಂಬುದಲ್ಲ. ಬರಹದಲ್ಲಿ ಹುಟ್ಟಿದ ಸಲಿಗೆ ಒಂದೇ ಕೋಣೆಯಲ್ಲಿ ಕೂತಾಗ ಉಳಿಯುತ್ತದೋ ಎಂಬುದು. ಚೋಯ್ ಆ ಪ್ರಶ್ನೆಗೆ ಅವಸರದ ಉತ್ತರ ಕೊಡುವುದಿಲ್ಲ. ಇಬ್ಬರಿಗೂ ನೋವಿನ ಹಳೆಯ ಸಂಗತಿಗಳಿವೆ. ಅವು ಒಂದೇ ಸಲಕ್ಕೆ ಹೊರಬರುವುದಿಲ್ಲ. ಸ್ವಲ್ಪ ಹೇಳಿ, ಹಿಂದೆ ಸರಿದು, ತಮಾಷೆ ಮಾಡಿ, ಮತ್ತೆ ಸ್ವಲ್ಪ ಹೇಳುತ್ತಾರೆ. ಮನುಷ್ಯರು ನಂಬುವ ಕ್ರಮವೇ ಅದು.

ಇಂಥ ಬರಹ ಭಾಷೆಯನ್ನು ಕೆಡಿಸುತ್ತದೆ ಎಂಬ ದೂರು ಹಳೆಯದು. ಭಾಷಾಶಾಸ್ತ್ರಜ್ಞ ಡೇವಿಡ್ ಕ್ರಿಸ್ಟಲ್ 2008ರಲ್ಲಿ ಇದರ ಮೇಲೆಯೇ ಒಂದು ಪುಸ್ತಕ ಬರೆದು, ಸಂದೇಶಗಳಲ್ಲಿ ಸಂಕ್ಷೇಪಗಳ ಪಾಲು ಜನ ತಿಳಿದಷ್ಟು ದೊಡ್ಡದಲ್ಲ ಎಂದು ತೋರಿಸಿದರು. ನನಗೆ ಅದಕ್ಕಿಂತ ಕುತೂಹಲದ್ದು ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದಲ್ಲಿ 126 ವಿದ್ಯಾರ್ಥಿಗಳ ಜೊತೆ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ. ಒಂದು ಪದದ ಉತ್ತರದ ಕೊನೆಗೆ ಪೂರ್ಣವಿರಾಮ ಇಟ್ಟರೆ ಓದುವವರಿಗೆ ಆ ಉತ್ತರ ಮನಸ್ಸಿನಿಂದ ಬಂದಂತೆ ಕಾಣುವುದಿಲ್ಲ ಎಂದು ಅದು ಕಂಡುಕೊಂಡಿತು. ಅದೇ ಉತ್ತರ ಕೈಬರಹದಲ್ಲಿದ್ದರೆ ಆ ವ್ಯತ್ಯಾಸವಿಲ್ಲ. ಒಂದು ಚುಕ್ಕೆಯಲ್ಲಿ ಸಿಟ್ಟನ್ನು ಗುರುತಿಸುವ ಮಕ್ಕಳಿಗೆ ಭಾಷೆಯ ಸೂಕ್ಷ್ಮ ಗೊತ್ತಿಲ್ಲ ಎಂದು ಹೇಗೆ ಹೇಳುವುದು? ನಮ್ಮ ಮನೆಗಳಲ್ಲಿ 'ಹೂಂ' ಎಂಬುದಕ್ಕೆ ಎಷ್ಟು ಅರ್ಥವಿದೆಯೋ ಅಷ್ಟನ್ನೂ ಅವರು ಎರಡು ಮೂರು ಅಕ್ಷರದಲ್ಲಿ ಬರೆದು ತೋರಿಸುತ್ತಾರೆ.

ಈಗ ಕನ್ನಡಕ್ಕೆ ಬರುತ್ತೇನೆ, ಈ ಲೇಖನ ಬರೆಯಲು ಕೂತದ್ದೇ ಅದಕ್ಕಾಗಿ. ಮಕ್ಕಳ ಸಾಹಿತ್ಯ ನಮ್ಮಲ್ಲಿ ಇದೆ, ದೊಡ್ಡವರ ಸಾಹಿತ್ಯ ಧಾರಾಳವಾಗಿದೆ. ಎಂಟನೆಯ ತರಗತಿಯಿಂದ ಪಿಯುಸಿವರೆಗಿನ ಓದುಗರು ಇವೆರಡರ ಸಂದಿಯಲ್ಲಿ ಸಿಕ್ಕಿಕೊಂಡಿದ್ದಾರೆ. ಇಂಗ್ಲಿಷ್ ಓದುವವರು ಆ ಕಡೆ ಹೋಗುತ್ತಾರೆ. ಉಳಿದವರು ಫೋನಿನಲ್ಲೇ ಓದುತ್ತಾರೆ. 2014ರಲ್ಲಿ ಶುರುವಾದ, ಬೆಂಗಳೂರಿನ ಪ್ರತಿಲಿಪಿ ಆ್ಯಪ್‌ನಲ್ಲಿ ಕಂತುಗಳಲ್ಲಿ ಬರುವ ಕನ್ನಡ ಕಥೆಗಳನ್ನು ಓದುವವರನ್ನು ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲೇ ನೋಡಿದ್ದೇನೆ. ಓದುಗರಿದ್ದಾರೆ. ಅವರ ವಯಸ್ಸಿಗೆ, ಅವರ ಸಂಕಟಕ್ಕೆ ಬರೆದದ್ದು ಕಡಿಮೆ.

ಈ ಪ್ರಕಾರಕ್ಕೆ ಬೇಕಾದ ಸರಕು ಕನ್ನಡದಲ್ಲಿ ಇಂಗ್ಲಿಷಿಗಿಂತ ಹೆಚ್ಚಿದೆ. ಮೈರಾಕಲ್ ಮೂವರು ಹುಡುಗಿಯರಿಗೆ ಮೂರು ಅಚ್ಚಕ್ಷರ ಹುಡುಕಬೇಕಾಯಿತು. ಇಲ್ಲಿ ಒಬ್ಬಳು 'ಬರ್ತೀನಿ ಕಣೇ' ಅಂದರೆ ಮೈಸೂರಿನವಳು, 'ಬರ್ತೇನೆ ಮಾರಾಯ್ತಿ' ಅಂದರೆ ಮಂಗಳೂರಿನವಳು, 'ಬತ್ತೆ' ಅಂದರೆ ಕುಂದಾಪುರದವಳು ಎಂದು ಹೆಸರಿಲ್ಲದೆಯೇ ತಿಳಿಯುತ್ತದೆ. ಇಂಗ್ಲಿಷಿನ ಪ್ರೇಮಿಗಳಿಗೆ ಮೊದಲ ದಿನದಿಂದ ಕೊನೆಯವರೆಗೆ ಒಂದೇ ಸಂಬೋಧನೆ. ಕನ್ನಡದ ಹುಡುಗ ಹುಡುಗಿ 'ನೀವು' ಎಂದು ಶುರುಮಾಡಿ, ಒಂದು ರಾತ್ರಿ ಯಾರೋ ಒಬ್ಬರು 'ನೀನು' ಎಂದು ಬರೆದು, ಎರಡು ನಿಮಿಷ ಎದೆ ಹೊಡೆದುಕೊಳ್ಳುತ್ತ ಕಾಯಬೇಕು. ಆ ಕಡೆಯಿಂದ ಮತ್ತೆ 'ನೀವು' ಎಂದು ಬಂದರೆ? ಇಷ್ಟು ದೊಡ್ಡ ಘಟನೆ ಒಂದೇ ಸರ್ವನಾಮದಲ್ಲಿ ನಡೆದುಹೋಗುವ ಭಾಷೆ ನಮ್ಮದು.

ಇನ್ನೊಂದು, ಫೋನು ಯಾರದು ಎಂಬ ಪ್ರಶ್ನೆ. ಅಮೆರಿಕದ ಈ ಕಥೆಗಳಲ್ಲಿ ಪ್ರತಿಯೊಬ್ಬರಿಗೂ ಅವರವರ ಫೋನಿದೆ. ನಮ್ಮ ಎಷ್ಟೋ ಮನೆಗಳಲ್ಲಿ, 2020ರಲ್ಲಿ ಶಾಲೆ ಮುಚ್ಚಿ ಪಾಠ ಫೋನಿಗೆ ಬಂದಾಗಿನಿಂದ, ಮಕ್ಕಳ ಕೈಯಲ್ಲಿರುವುದು ಅಮ್ಮನ ಫೋನು. ಸ್ತ್ರೀಶಕ್ತಿ ಸಂಘದ ಗುಂಪು, ಗ್ಯಾಸ್ ಬುಕ್ಕಿಂಗ್ ಸಂದೇಶ, ಬ್ಯಾಂಕಿನ ಓಟಿಪಿ, ಇವುಗಳ ನಡುವೆ ಮಗಳ ಗೆಳೆತನವೂ ಒಂದು ಕಿಟಕಿಯಲ್ಲಿ ಇರುತ್ತದೆ. ಓದಿ ಅಳಿಸಬೇಕು. ಅಳಿಸಿದ್ದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ತಪ್ಪಿ ಅಮ್ಮನೇ ಉತ್ತರ ಕೊಟ್ಟುಬಿಡಬಹುದು. ಆ ಅಮ್ಮನಿಗೂ ಹದಿನಾರು ವರ್ಷವಾಗಿದ್ದಾಗ ಇನ್‌ಲ್ಯಾಂಡ್ ಪತ್ರದ ಮಡಿಕೆಯೊಳಗೆ 'ಉಭಯಕುಶಲೋಪರಿ'ಯ ಕೆಳಗೆ ಏನನ್ನೋ ಬಚ್ಚಿಟ್ಟು ಬರೆದ ನೆನಪಿರಬಹುದು. ಈ ಕಥೆಯನ್ನು ಬೇರೆ ದೇಶದವರು ಬರೆಯಲಾರರು.

ಲಿಪಿ ಯಾವುದು ಎಂದು ಬರೆಯುವವರು ಕೇಳಬಹುದು. ಮಕ್ಕಳು ಇಂಗ್ಲಿಷ್ ಅಕ್ಷರದಲ್ಲಿ ಕಳಿಸಿದ್ದನ್ನು ಕನ್ನಡ ಪುಟದಲ್ಲಿ ಹೇಗೆ ಇಡುವುದು? ಕನ್ನಡ ಲಿಪಿಯಲ್ಲೇ ಇಡಿ ಎನ್ನುತ್ತೇನೆ. ನಾಲಗೆಯ ಮೇಲಿರುವ ಕನ್ನಡ ಆಗ ಹಾಗೆಯೇ ಪುಟಕ್ಕೆ ಬರುತ್ತದೆ. 'ಸರಿ', 'ಸಾರಿ'ಯ ಗೊಂದಲ ಬೇಕಾದಲ್ಲಿ ಮಾತ್ರ, ನಾನು ಮೇಲೆ ಮಾಡಿದಂತೆ, ಅಕ್ಷರ ಬಿಡಿಸಿ ಹೇಳಿದರೆ ಸಾಕು.

ವಾರಪತ್ರಿಕೆ, ಮಾಸಪತ್ರಿಕೆಗಳ ಸಂಪಾದಕರಲ್ಲಿ ನನ್ನದೊಂದು ಕೋರಿಕೆ. ಧಾರಾವಾಹಿಗಾಗಿಯೇ ಜನ ಪತ್ರಿಕೆ ಕಾಯುತ್ತಿದ್ದ ನಾಡು ಇದು. ಹದಿನಾಲ್ಕರಿಂದ ಹದಿನೆಂಟರ ಓದುಗರಿಗಾಗಿ ಎರಡು ಪುಟ ಬಿಡಿ, ಅಲ್ಲೊಂದು ಸಂದೇಶ ಕಾದಂಬರಿ ಕಂತುಕಂತಾಗಿ ಬರಲಿ. ಬರೆಯಲು ನಮ್ಮಂಥ ದೊಡ್ಡವರನ್ನೇ ಕರೆಯಬೇಡಿ. ಪಿಯುಸಿ ಓದುತ್ತಿರುವ ಒಬ್ಬಳನ್ನು ಕರೆಯಿರಿ, ಅವಳು ಫೋನಿನಲ್ಲೇ ಬರೆದು ಕಳಿಸಲಿ. ಬಂದದ್ದನ್ನು ತಿದ್ದುವಾಗ ಅವಳ 'ಬರ್ತೀನಿ'ಯನ್ನು ದಯವಿಟ್ಟು 'ಬರುತ್ತೇನೆ' ಮಾಡಬೇಡಿ.